ಕುವೈತಲ್ಲಿ ಗುಂಡಿಲ್ದೆ ಸಂಜೆ ಹೆಂಗೆ ಕಳೀತೀರ ಅಂತ ಕೇಳಿದ ಗೋಣಿಕೊಪ್ಪದ ತಮ್ಮನಿಗೆ

ಸಿಗಲ್ಲ ತಮ್ಮ, ಎಲ್ಲೂ ಸಿಗಲ್ಲ. ಮೊದ್ಲು ಆ ಆಸೆ ಬಿಡು. ನೀನು ಕೇಳಿದ್ದೇನು, "ಅಣ್ಣ, ಮುಂದಿನ ತಿಂಗಳು ಕುವೈತ್‌ಗೆ ಬರ್ತಿದೀನಿ, ಫೈವ್ ಸ್ಟಾರ್ ಹೋಟ್ಲಲ್ಲಾದ್ರೂ ಒಂದೆರಡು ಪೆಗ್ ಸಿಗುತ್ತಾ, ಇಲ್ಲಾಂದ್ರೆ ಡ್ಯೂಟಿ ಮುಗಿದ್ಮೇಲೆ ಏನ್ಮಾಡ್ತೀರಾ, ರೂಮಲ್ಲಿ ಕೂತು ಹುಚ್ಚು ಹಿಡಿಯಲ್ವಾ" ಅಂತ. ನಮ್ಮೂರಲ್ಲಿ ಗಲ್ಫ್ ಅಂದ್ರೆ ಎಲ್ಲಾ ದುಬೈ ಅಂದ್ಕೊಂಡಿದಾರೆ. ದುಬೈ, ದೋಹಾ, ಬಹರೈನ್‌ನಲ್ಲಿ ಲೈಸೆನ್ಸ್ ಇರೋ ಹೋಟ್ಲಲ್ಲಿ ಕೂತು ಕುಡೀಬೋದು, ಇಲ್ಲಿ ಹಂಗಲ್ಲ, 1960ರ ದಶಕದಿಂದ್ಲೇ ಬಂದ್, ಎಷ್ಟೇ ಸ್ಟಾರ್ ಇರ್ಲಿ ಹೋಟ್ಲಿಗೆ ಲೈಸೆನ್ಸೇ ಇಲ್ಲ, ಕುವೈತ್ ಏರ್‌ವೇಸ್ ವಿಮಾನದಲ್ಲೂ ಕೊಡಲ್ಲ.

ಆದ್ರೆ ನೀನು ಬಂದು ಲಗೇಜ್ ಬಿಚ್ಚೋದ್ರೊಳಗೆ ಬಿಲ್ಡಿಂಗಲ್ಲಿ ಒಬ್ಬ ಸಿಕ್ತಾನೆ, "ಬ್ರೋ ನಮ್ಮೋರೇ ಮಾಡೋದು, ಒಳ್ಳೆ ಮಾಲು, ಗ್ಯಾರಂಟಿ" ಅಂತ. ಅವನ ಹತ್ರ ಮಾತೂ ಬೇಡ. 2025ರ ಆಗಸ್ಟಲ್ಲಿ ಇಲ್ಲಿ ಏನಾಯ್ತು ಗೊತ್ತಲ್ಲ, ಕಳ್ಳ ಸಾರಾಯಿ ಕುಡಿದು ಕೆಲವೇ ದಿನದಲ್ಲಿ 23 ಜನ ಸತ್ರು, 160 ಜನ ಆಸ್ಪತ್ರೆ ಸೇರಿದ್ರು ಅಂತ ಆರೋಗ್ಯ ಇಲಾಖೆಯೇ ಲೆಕ್ಕ ಕೊಡ್ತು. ಇಂಡಿಯಾದವರೇ ಸುಮಾರು 40 ಜನ ಆಸ್ಪತ್ರೇಲಿದಾರೆ ಅಂತ ನಮ್ಮ ಎಂಬಸಿ ಹೇಳಿತ್ತು. ಮೆಥನಾಲ್ ಮಾರಾಯ. ವಾಸನೆ ನೋಡಿದ್ರೂ ಗೊತ್ತಾಗಲ್ಲ, ರುಚಿ ನೋಡಿದ್ರೂ ಗೊತ್ತಾಗಲ್ಲ, ಕುಡಿದಾಗ ಮಾಮೂಲಿ ಹಂಗೇ ಇರುತ್ತೆ, ಆಮೇಲೆ ಲಿವರ್‌ನಲ್ಲಿ ಅದು ಫಾರ್ಮಿಕ್ ಆಸಿಡ್ ಆಗಿ ಮಾರನೇ ದಿನ ಕಣ್ಣಿಗೆ ಹೊಡೆಯುತ್ತೆ, ಕಿಡ್ನಿಗೆ ಹೊಡೆಯುತ್ತೆ. ಎಷ್ಟೋ ಜನಕ್ಕೆ ದೃಷ್ಟಿನೇ ಹೋಯ್ತು. ಬದುಕಿ ಉಳಿದ್ರೂ ಪೊಲೀಸರ ಕೈಗೆ ಸಿಕ್ರೆ ಬೆರಳಚ್ಚು ತಗೊಂಡು ಊರಿಗೆ ಕಳಿಸ್ತಾರೆ, ಮತ್ತೆ ಈ ಕಡೆ ಬರೋ ಮಾತೇ ಇಲ್ಲ. ಇದು ಇಷ್ಟಕ್ಕೆ ಸಾಕು.

ನಿನ್ ಭಯ ನಂಗೆ ಅರ್ಥ ಆಗುತ್ತೆ. ಕೊಡಗಿನವ್ರಿಗೆ ಮದುವೆ ಇರ್ಲಿ, ಕೈಲ್‌ಪೊಳ್ದ್ ಇರ್ಲಿ, ಪುತ್ತರಿ ಇರ್ಲಿ, ಕಾರಣವರಿಗೆ, ಅಂದ್ರೆ ತೀರಿಹೋದ ಹಿರೀಕರಿಗೆ, ಮೀದಿ (ಎಡೆ) ಇಡೋವಾಗ್ಲೂ ಪಕ್ಕದಲ್ಲಿ ಒಂದು ಗ್ಲಾಸ್ ಇರ್ಲೇಬೇಕು. ಆದ್ರೆ ಒಂದು ಕೇಳ್ತೀನಿ, ಊರಲ್ಲಿ ನಾವು ಸಂಜೆ ಹೊರಗೆ ಹೋಗಿದ್ದು ಯಾವಾಗ? ಮಳೆಗಾಲದಲ್ಲಿ ಕರೆಂಟ್ ಇಲ್ದೆ ಮನೇಲಿ ಕೂತು ಮಾವನ ಮಿಲಿಟರಿ ಕ್ಯಾಂಟೀನ್ ರಮ್ ಖಾಲಿ ಮಾಡೋದು, ಬೇಸಿಗೇಲಿ ಯಾರದೋ ತೋಟದ ಮನೇಲಿ ಕೂರೋದು, ಅಷ್ಟೇ ತಾನೆ. ಎಂಟು ಗಂಟೆಗೆ ಗೋಣಿಕೊಪ್ಪ ಮಲಗಾಯ್ತು. ಮಡಿಕೇರಿ ದಸರಾ ದಶಮಂಟಪದ ರಾತ್ರಿ ಒಂದು ಬಿಟ್ರೆ ಹೆಂಗಸರು ಮಕ್ಳು ಎಲ್ಲಾ ನಡುರಾತ್ರೀಲಿ ಬೀದೀಲಿ ಓಡಾಡಿದ್ದು ನೀನ್ಯಾವತ್ತು ನೋಡಿದ್ದೀಯ? ಇಲ್ಲಿ ಪ್ರತಿ ಗುರುವಾರ ಅದೇ. ಶುಕ್ರವಾರ ಶನಿವಾರ ರಜ, ಹಂಗಾಗಿ ಗುರುವಾರ ರಾತ್ರಿನೇ ಮಜಾ ಶುರು. ಬಾರೇ ಇಲ್ದಿರೋ ಊರು ಒಂದು ಗಂಟೆ ತನಕ ಎಚ್ಚರ ಇರುತ್ತೆ. ಹೊಸಬರು ಒದ್ದಾಡೋದು ಗುಂಡಿಲ್ಲ ಅಂತ ಅಲ್ಲ ಕಣೋ, ಏಳು ಗಂಟೆಗೆ ಊಟ ಮಾಡಿ ಒಂಬತ್ತಕ್ಕೆ ಏನ್ಮಾಡ್ಲಿ ಅಂತ ಕೂರ್ತಾರಲ್ಲ, ಅದಕ್ಕೆ. ಇಲ್ಲಿನವರು ಒಂಬತ್ತಕ್ಕೆ ಮನೆಯಿಂದ ಹೊರಡೋದು.

ಮೊದ್ಲ ಗುರುವಾರ ಮುಬಾರಕಿಯಾ ಸೂಕ್‌ಗೆ ಹೋಗು. ಮಂಗಾಫ್ ಮಹಬೂಲಾ ಕಡೆ ರೂಮ್ ಆದ್ರೆ ಸಿಟಿ ಬಸ್ ಹತ್ತಿ ಮಾಲಿಯಾದಲ್ಲಿ ಇಳಿ, ಅಲ್ಲಿಂದ ನಡಿಗೆ. ಹಳೇ ಮಾರ್ಕೆಟ್, 2022ರ ಮಾರ್ಚಲ್ಲಿ ಬೆಂಕಿ ಬಿದ್ದು ಒಂದು ಭಾಗ ಸುಟ್ಟೋಗಿತ್ತು, ಉಳಿದದ್ದು ಗಿಜಿಗಿಜಿ ಅಂತಿರುತ್ತೆ. ಒಳಗಡೆ ಬಯಲಲ್ಲಿ ಟೇಬಲ್ ಹಾಕಿರ್ತಾರೆ, ಕೂತ ತಕ್ಷಣ ನೀನು ಏನೂ ಹೇಳದೇನೇ ಒಂದು ತಟ್ಟೆ ತುಂಬ ಹಸಿ ಸೊಪ್ಪು, ಮೂಲಂಗಿ, ಈರುಳ್ಳಿ, ನಿಂಬೆ ತಂದಿಡ್ತಾರೆ, ಆಮೇಲೆ ತಟ್ಟೆಗಿಂತ ದೊಡ್ಡದಾದ ಇರಾನಿ ರೊಟ್ಟಿ, ಮುಟ್ಟಿದ್ರೆ ಬೆರಳು ಸುಡಬೇಕು, ಅದ್ರ ಜೊತೆ ಕೆಂಡದ ಮೇಲಿಂದ ಈಗಷ್ಟೇ ತೆಗ್ದ ಕಬಾಬು. ಅವಸರ ಮಾಡ್ಬೇಡ. ರೊಟ್ಟೀಲಿ ಕಬಾಬ್ ಇಟ್ಟು ಸೊಪ್ಪು ಸುತ್ತಿ ತಿನ್ನು, ಮುಗಿದ್ಮೇಲೆ ಅಂಗೈಯಲ್ಲಿ ಮುಚ್ಚೋ ಅಷ್ಟು ಪುಟ್ಟ ಗಾಜಿನ ಲೋಟದಲ್ಲಿ ಕರಿ ಚಹಾ ಬರುತ್ತೆ, ಅದು ಖಾಲಿ ಆದ್ರೆ ಇನ್ನೊಂದು ಹೇಳು, ಏಳ್ರಿ ಅಂತ ಯಾರೂ ಓಡಿಸಲ್ಲ. ಮೂರು ದಿನಾರ್ ಹಿಡ್ಕೊಂಡ್ರೆ ಒಬ್ಬನಿಗೆ ಹೊಟ್ಟೆ ತುಂಬುತ್ತೆ. 2025ರಲ್ಲಿ ಒಂದು ದಿನಾರ್ ಅಂದ್ರೆ 280-290 ರೂಪಾಯಿ ಆಸುಪಾಸು ಇತ್ತು, ಶುರುಶುರುವಿಗೆ ಪ್ರತಿಯೊಂದನ್ನೂ ರೂಪಾಯಿಗೆ ಗುಣಿಸ್ತಾ ಇರ್ತೀಯ, ಎಲ್ರೂ ಮಾಡ್ತಾರೆ.

ಕಾಸಿಲ್ಲದ ದಿನ ಸಮುದ್ರ. ಗಲ್ಫ್ ರೋಡಲ್ಲಿ ಉದ್ದಕ್ಕೂ ನಡೆಯೋಕೆ ದಾರಿ ಮಾಡಿದಾರೆ, ಕುವೈತ್ ಟವರ್ಸ್ ಹತ್ರ ಶುರು ಮಾಡಿದ್ರೆ ಸಾಲ್ಮಿಯಾ ಕಡೆ ಎಷ್ಟು ದೂರ ಬೇಕಾದ್ರೂ ನಡಿ. ಕಲ್ಲಿನ ಮೇಲೆ ಗಾಳ ಹಾಕ್ಕೊಂಡು ಕೂತವರು, ಚಾಪೆ ಹಾಸಿ ಫ್ಲಾಸ್ಕ್ ತೆಗೆದ ಫ್ಯಾಮಿಲಿಗಳು, ನೋಡ್ತಾ ಹೋದ್ರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ. ಶಹೀದ್ ಪಾರ್ಕ್ ಕೂಡ ಚೆನ್ನಾಗಿದೆ, 2015ರಲ್ಲಿ ಆಗಿದ್ದು, ನಂಗೆ ಅಲ್ಲಿ ಮರ ನೋಡೋದೇ ಒಂದು ಖುಷಿ. ಇದೆಲ್ಲಾ ನವೆಂಬರಿಂದ ಮಾರ್ಚ್ ತನಕದ ಮಾತು. ಜನವರಿ ರಾತ್ರಿ ಸ್ವೆಟರ್ ಬೇಕಾಗುತ್ತೆ, ಮಡಿಕೇರಿ ಚಳಿ ನೋಡಿದವನಿಗೇ ಚುರುಕ್ ಅನ್ಸುತ್ತೆ. ಮರುಭೂಮೀಲಿ ಟೆಂಟ್ ಹಾಕೋ ಸೀಸನ್ನೂ ಅದೇ, ನವೆಂಬರ್ ಮಧ್ಯದಿಂದ ಮಾರ್ಚ್ ಮಧ್ಯದ ತನಕ, ಯಾರಾದ್ರೂ ಕರೆದ್ರೆ ಬಿಡ್ಬೇಡ. ಬೇಸಿಗೆ ಮಾತ್ರ ಬೇರೆ ಕಥೆ. 2016ರ ಜುಲೈನಲ್ಲಿ ಇಲ್ಲಿನ ಮಿತ್ರಿಬಾದಲ್ಲಿ 53.9 ಡಿಗ್ರಿ ದಾಖಲಾಗಿದೆ, ರಾತ್ರಿ ಹೊರಗೆ ಹೋದ್ರೂ ಬಿಸಿಗಾಳಿ ಮುಖಕ್ಕೆ ಹೊಡೆಯುತ್ತೆ, ಆವಾಗ ಅವೆನ್ಯೂಸ್ ಮಾಲೇ ಗತಿ. ಅಲ್ಲಿ ಏನೂ ತಗೊಳ್ದೆ ಎರಡು ಮೂರು ಗಂಟೆ ನಡೀಬೋದು, ನಿಜವಾಗ್ಲೂ ವಾಕಿಂಗ್ ಶೂ ಹಾಕ್ಕೊಂಡೇ ಬರ್ತಾರೆ ಜನ.

ಆಲ್ಕೋಹಾಲ್ ಇಲ್ಲದ ಬೀರು ಅಂತ ಬಾಟ್ಲಿ ಸಿಗುತ್ತೆ ಎಲ್ಲಾ ಅಂಗಡೀಲೂ, ಬಾರ್ಬಿಕನ್ ಗೀರ್ಬಿಕನ್ ಅಂತ. ನನ್ನ ಕೇಳಿದ್ರೆ ಜ್ವರ ಬಂದಾಗ ಕೊಡೋ ಬಾರ್ಲಿ ನೀರಿಗೆ ಸಕ್ಕರೆ ಸುರಿದ ಹಾಗೆ. ದೊಡ್ಡ ಹೋಟ್ಲಿನ ಮಾಕ್‌ಟೇಲ್‌ಗೆ ಅಷ್ಟು ದುಡ್ಡು ಕೊಡೋ ಬದ್ಲು ರಸ್ತೆ ಬದಿಯ ಕರಕ್ ಚಾಯ್ ಸಾವಿರ ಪಾಲು ಮೇಲು. ಕಾಫಿ ಬಗ್ಗೆ ಮಾತ್ರ ಮನಸ್ಸು ಗಟ್ಟಿ ಮಾಡ್ಕೊಂಡು ಬಾ. ಆಫೀಸಲ್ಲಿ ಕುವೈತಿ ಯಾರಾದ್ರೂ ಸ್ನೇಹ ಆದ್ರೆ ಅವರ ದೀವಾನಿಯಾಗೆ ಕರೀತಾರೆ, ಅಂದ್ರೆ ಮನೆಗೆ ಸೇರಿದ ಗಂಡಸರ ಹಜಾರ, ರಾತ್ರಿ ಎಲ್ಲಾ ಸುತ್ತ ಒರಗಿ ಕೂತು ಹರಟೆ ಹೊಡೆಯೋದು. ಅಲ್ಲಿ ಗಹವಾ ಕೊಡ್ತಾರೆ, ಬಣ್ಣ ನೋಡಿ ಕಾಫಿ ಅಂತ ಹೇಳೋಕೆ ಕಾಫಿ ತೋಟದವನಿಗೆ ಕಷ್ಟ ಆಗುತ್ತೆ, ತಿಳಿ ಹಳದಿ, ಏಲಕ್ಕಿ ಘಮ. (ಏಲಕ್ಕಿ ಕೂಡ ನಮ್ಮದಲ್ಲ ಮಾರಾಯ, ಗಲ್ಫಿಗೆಲ್ಲಾ ಗ್ವಾಟೆಮಾಲದ್ದೇ ಜಾಸ್ತಿ ಬರೋದು, ಹೊಟ್ಟೆ ಉರಿಯುತ್ತೆ.) ಬಟ್ಟಲು ಬಲಗೈಲಿ ತಗೋ, ಸಾಕಾದ್ರೆ ಸ್ವಲ್ಪ ಅಲ್ಲಾಡಿಸಿ ವಾಪಸ್ ಕೊಡು, ಇಲ್ಲಾಂದ್ರೆ ಸುರೀತಾನೇ ಇರ್ತಾರೆ. ಒಂದ್ಸಲ ಕರೆದ್ರು ಅಂದ್ರೆ ಹೋಗು, ಆಮೇಲೆ ಇಲ್ಲಿ ನಿಂಗೆ ಗೊತ್ತಿರೋರು ಅಂತ ನಾಲ್ಕು ಜನ ಇರ್ತಾರೆ.

ನಮ್ಮವರು ಸೇರೋದು ಯಾರಾದ್ರೂ ಫ್ಲ್ಯಾಟಲ್ಲಿ. ಕೈಲ್‌ಪೊಳ್ದ್ ದಿನ ಪಂದಿ ಕರಿ ಇಲ್ಲ, ಹಂದಿ ಮಾಂಸವೂ ಇಲ್ಲಿ ನಿಷೇಧ, ಅದೇ ಮಸಾಲೆ ಹುರಿದು ಮಟನ್‌ಗೆ ಹಾಕ್ತೀವಿ, ಅಕ್ಕಿ ತರಿ ಉಂಡೆ ಕಡಂಬುಟ್ಟು ಇರುತ್ತೆ, ಮೀದಿಗೆ ಗ್ಲಾಸ್ ಬದ್ಲು ಎಳನೀರು ಇಡ್ತೀವಿ, ಕಾರಣವರು ಇದುವರೆಗೂ ಕಂಪ್ಲೇಂಟ್ ಮಾಡಿಲ್ಲ. ಕುಡೀದೆ ವಾಲಗಕ್ಕೆ ಕುಣಿಯೋಕಾಗುತ್ತಾ ಅಂತ ನೀನು ಕೇಳ್ಬೋದು. ಬ್ಲೂಟೂತ್ ಸ್ಪೀಕರಲ್ಲಿ ವಾಲಗ ಹಾಕಿ ನೋಡು, ಊರಲ್ಲಿ ನಾಲ್ಕು ಪೆಗ್ ಆಗೋ ತನಕ ಕುರ್ಚಿ ಬಿಡದ ಅಂಕಲ್‌ಗಳು ಮೊದಲನೇ ಏಟಿಗೇ ಎದ್ದು ನಿಲ್ತಾರೆ, ಮಾರನೇ ದಿನ ತಲೆನೋವೂ ಇಲ್ಲ, ಜಗಳವೂ ಇಲ್ಲ. ಸೌಂಡ್ ಮಾತ್ರ ಕಮ್ಮಿ ಇರ್ಲಿ, ಪಕ್ಕದ ಫ್ಲ್ಯಾಟಿನವ್ರು ಪೊಲೀಸ್‌ಗೆ ಹೇಳಿದ್ರೆ ಬಾಗಿಲಿಗೇ ಬರ್ತಾರೆ. ಏಪ್ರಿಲಲ್ಲಿ ಕೊಡವ ಕುಟುಂಬಗಳ ಹಾಕಿ ಟೂರ್ನಿ ಲೈವ್ ನೋಡ್ತೀವಿ, 2024ರಲ್ಲಿ ನಾಪೋಕ್ಲಲ್ಲಿ 360 ಟೀಮ್ ಆಡಿ ಗಿನ್ನೆಸ್ ದಾಖಲೆ ಆಯ್ತಲ್ಲ, ಕುಂಡ್ಯೋಳಂಡ ಕಪ್, ಆ ಫೈನಲ್ ದಿನ ನಮ್ ಹಾಲಲ್ಲಿ ಕಾಲಿಡೋಕೆ ಜಾಗ ಇರ್ಲಿಲ್ಲ. ಊರಿಗಿಂತ ಇಲ್ಲಿ ಎರಡೂವರೆ ಗಂಟೆ ಹಿಂದೆ, ಹಂಗಾಗಿ ಮ್ಯಾಚ್ ಮುಗಿದ್ರೂ ಇನ್ನೂ ಸಂಜೆ ಉಳಿದಿರುತ್ತೆ.

ರಂಜಾನ್ ತಿಂಗಳಲ್ಲಿ ಹಗಲು ಹೊತ್ತು ಹೊರಗೆ ನೀರೂ ಕುಡೀಬೇಡ, 100 ದಿನಾರ್ ತನಕ ದಂಡ ಇಲ್ಲಾ ಒಂದು ತಿಂಗಳು ಜೈಲು ಅಂತ ಕಾನೂನೇ ಇದೆ. ರಾತ್ರಿ ಮಾತ್ರ ವರ್ಷದಲ್ಲೇ ಜೋರು.

ಕೊನೇದಾಗಿ ಲಗೇಜ್. ಅಮ್ಮ ಮನೇಲಿ ಮಾಡಿದ ವೈನು ಬಾಟ್ಲಿ ಬಟ್ಟೆ ಮಧ್ಯೆ ಸುತ್ತಿ ಇಟ್ಟೇ ಇಡ್ತಾರೆ, ಏರ್‌ಪೋರ್ಟಿಗೆ ಹೊರಡೋ ಮುಂಚೆ ನೀನೇ ಪೆಟ್ಟಿಗೆ ಪೂರ್ತಿ ಬಿಚ್ಚಿ ನೋಡು, ಕಣ್ಣೂರಿಂದ ಬಂದ್ರೂ ಸರಿ ಬೆಂಗ್ಳೂರಿಂದ ಬಂದ್ರೂ ಸರಿ. ದ್ರಾಕ್ಷಿ ಜ್ಯೂಸ್ ಅಂತ ಹೇಳಿದ್ರೆ ಕಸ್ಟಮ್ಸ್‌ನವ್ರು ನಂಬಲ್ಲ. ಗಸಗಸೆಯೂ ಬೇಡ, ದುಬೈ ಮೇಲೆ ಬರೋದಾದ್ರಂತೂ ಮುಟ್ಲೇಬೇಡ, ಯುಎಇಲಿ ಅದನ್ನ ಡ್ರಗ್ಸ್ ಲೆಕ್ಕಕ್ಕೆ ಸೇರಿಸ್ತಾರೆ. ಕಾಚಂಪುಳಿ, ಅದೇ ಪಂದಿ ಕರಿಗೆ ಹಾಕೋ ನಮ್ಮ ಕಪ್ಪು ಹುಳಿ, ತರ್ಬೋದು, ಆದ್ರೆ ಹಳೇ ರಮ್ ಬಾಟ್ಲೀಲಿ ತುಂಬಿಸ್ಕೊಂಡು ಬರ್ಬೇಡ, ಅಂಗಡೀದು, ಲೇಬಲ್ ಇರೋದು, ಸೀಲ್ ಒಡೀದೆ ಇರೋದು ತಗೊಂಡ್ ಬಾ. ಎರಡು ಬಾಟ್ಲಿ ತಂದ್ರೆ ಒಂದು ನಂಗೆ ಕೊಡು, ನಮ್ಮನೇಲಿ ಖಾಲಿ ಆಗಿದೆ.