ವಿಸ್ಕಾನ್ಸಿನ್‌ನಲ್ಲಿ ಟ್ರ್ಯಾಪಿಂಗ್‌ಗೆ ಹೋಗುವಾಗ ಯಾವ .22 ಕೋವಿ ಒಯ್ಯಬೇಕು?

ಪ್ರಶ್ನೆ: ನಾನು ಕೊಡಗಿನವನು. ಈಗ ಎಚ್-1ಬಿ ವೀಸಾದ ಮೇಲೆ ವಿಸ್ಕಾನ್ಸಿನ್‌ನಲ್ಲಿ ಕೆಲಸ. ಪಕ್ಕದ ಫಾರ್ಮಿನವರು ಚಳಿಗಾಲದಲ್ಲಿ ತುಪ್ಪಳಕ್ಕಾಗಿ ರಕೂನ್, ನರಿ, ಮಸ್ಕ್‌ರ್ಯಾಟ್‌ನಂಥ ಪ್ರಾಣಿಗಳನ್ನು ಹಿಡಿಯಲು ಟ್ರ್ಯಾಪ್ ಇಡುತ್ತಾರೆ. ಈ ಸಲ ನನ್ನನ್ನೂ ಕರೆದಿದ್ದಾರೆ. ಸಿಕ್ಕ ಪ್ರಾಣಿಯನ್ನು ಮುಗಿಸಲು ಒಂದು ಚಿಕ್ಕ ಕೋವಿ ಬೇಕಂತೆ. ಊರಿನಲ್ಲಿ 12 ಬೋರ್ ಜೋಡಿ ನಳಿಕೆ ಕೋವಿ ಬಳಸಿ ಗೊತ್ತು, ಅಷ್ಟೇ. ಇಲ್ಲಿ ಕೈಕೋವಿ ಒಳ್ಳೆಯದೋ, ರೈಫಲ್ಲೋ? .22 ಸಾಕಾ, ಮ್ಯಾಗ್ನಮ್ ಬೇಕಾ?

ಉತ್ತರ:

ನಿಮಗೆ ಗಿಡ್ಡನೆಯ, ಕೈಯಲ್ಲಿ ಬೋಲ್ಟ್ (ತೋಟೆಯನ್ನು ನಳಿಕೆಗೆ ತಳ್ಳುವ ಉಕ್ಕಿನ ಅಗುಳಿ) ಎಳೆಯುವ .22 ರೈಫಲ್ ಸಾಕು. ಒಂದೇ ತೋಟೆ ಹಾಕುವಂಥದ್ದಾದರೂ ನಡೆಯುತ್ತದೆ. ಸ್ಕೋಪ್, ಅಂದರೆ ಗುರಿ ನೋಡುವ ದುರ್ಬೀನು, ಬೇಡ. ಜಾಸ್ತಿ ಶಕ್ತಿಯ ಮ್ಯಾಗ್ನಮ್ ತೋಟೆ ಬೇಡವೇ ಬೇಡ. ನಾನು ಇದೇ ರಾಜ್ಯದ ಪಶ್ಚಿಮದಲ್ಲಿ, ಮುಸುಕಿನ ಜೋಳದ ಹೊಲಗಳ ಅಂಚಿನಲ್ಲಿ ಹಲವು ಚಳಿಗಾಲಗಳಿಂದ ಟ್ರ್ಯಾಪ್ ಇಡುತ್ತಿದ್ದೇನೆ. ಇಲ್ಲಿನ ಹಳಬರಲ್ಲಿ ಕೆಲವರು ನನ್ನ ಮಾತು ಒಪ್ಪುವುದಿಲ್ಲ. ಅವರ ವಾದವನ್ನೂ ಮುಂದೆ ಹೇಳುತ್ತೇನೆ.

ಆದರೆ ಕೋವಿಗಿಂತ ಮೊದಲು ನಿಮ್ಮ ಕಾಗದದ ವಿಷಯ. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಕೋವಿ ಅಥವಾ ತೋಟೆ ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ನಿಷೇಧಿಸಿದೆ. ಇದಕ್ಕಿರುವ ವಿನಾಯಿತಿಗಳಲ್ಲಿ ನಿಮಗೆ ಉಪಯೋಗಕ್ಕೆ ಬರುವುದು ಒಂದು: ಇಲ್ಲಿನ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ನಿಮ್ಮ ಬಳಿ ಇರಬೇಕು. ಕಾನೂನಿನಲ್ಲಿ ಇರುವ ಮಾತು ಬೇಟೆ ಲೈಸೆನ್ಸ್. ಟ್ರ್ಯಾಪಿಂಗ್ ಲೈಸೆನ್ಸ್ ಬೇರೆ. ಅದೊಂದನ್ನೇ ಹಿಡಿದುಕೊಂಡು ಧೈರ್ಯ ಮಾಡಬೇಡಿ, ಎರಡನ್ನೂ ಮಾಡಿಸಿ. ಪಕ್ಕದವರ ಕೋವಿಯನ್ನು 'ಸ್ವಲ್ಪ ಹಿಡ್ಕೊಳ್ಳಿ' ಎಂದು ಅವರು ಕೊಟ್ಟರೂ ಇದೇ ನಿಯಮ. ಲೈಸೆನ್ಸ್ ಅವಧಿ ಮುಗಿದ ದಿನ ವಿನಾಯಿತಿಯೂ ಮುಗಿಯಿತು ಎಂದೇ ಲೆಕ್ಕ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಲೆನೋವಿಲ್ಲ. ವಿಸ್ಕಾನ್ಸಿನ್‌ನಲ್ಲಿ 1973ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರು ಬೇಟೆ ಲೈಸೆನ್ಸಿಗೆ ಮೊದಲು ಸುರಕ್ಷತಾ ತರಬೇತಿ ಮುಗಿಸಬೇಕು. ಹೊಸ ಟ್ರ್ಯಾಪರ್‌ಗಳಿಗೆ ಬೇರೆಯೇ ತರಬೇತಿ ಇದೆ. ಎರಡೂ ಚೆನ್ನಾಗಿರುತ್ತವೆ, ಸುಮ್ನೆ ಸಹಿ ಹಾಕಿಸಿಕೊಳ್ಳುವ ಕಾಟಾಚಾರವಲ್ಲ. ವೀಸಾ ವಿಷಯದಲ್ಲಿ ಎಳ್ಳಷ್ಟು ಅನುಮಾನ ಇದ್ದರೂ ಇಮಿಗ್ರೇಷನ್ ವಕೀಲರನ್ನು ಕೇಳಿ. ತಪ್ಪಿದರೆ ಅದು ಫೆಡರಲ್ ಅಪರಾಧ.

ಈಗ ಕೋವಿ. ನಿಮ್ಮ 12 ಬೋರ್ ಅನುಭವ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ನಮ್ಮ ಕಡೆ ಕೋವಿ ಅಂದರೆ ದೂರದಲ್ಲಿ ಓಡುವುದಕ್ಕೆ, ಹಾರುವುದಕ್ಕೆ ಈಡು ಹೊಡೆಯುವ ಸಾಧನ. ಟ್ರ್ಯಾಪ್‌ಲೈನಿನಲ್ಲಿ, ಅಂದರೆ ಟ್ರ್ಯಾಪ್‌ಗಳನ್ನು ಸಾಲಾಗಿ ಇಟ್ಟ ದಾರಿಯಲ್ಲಿ, ಪ್ರಾಣಿ ಎಲ್ಲಿಗೂ ಹೋಗುವುದಿಲ್ಲ. ಮೊಳಕಾಲೆತ್ತರದ ಪ್ರಾಣಿ, ಮೂರು ನಾಲ್ಕು ಅಡಿ ದೂರ, ಒಂದೇ ಗುಂಡು. ಆ ಗುಂಡು ತಲೆಗೆ ಹೋಗಬೇಕು, ಪ್ರಾಣಿ ಆ ಕ್ಷಣವೇ ಸಾಯಬೇಕು, ತುಪ್ಪಳಕ್ಕೆ ರಕ್ತ ಹತ್ತಬಾರದು. ಅಷ್ಟು ಹತ್ತಿರದಿಂದ 12 ಬೋರಿನ ಚರೆ ಹೊಡೆದರೆ ತೊಗಲು ಅಂತ ಹೇಳಿಕೊಳ್ಳಲು ಏನೂ ಉಳಿಯುವುದಿಲ್ಲ.

ಇದಕ್ಕೇ ಮ್ಯಾಗ್ನಮ್ ಬೇಡ ಅಂದದ್ದು. 1959ರಲ್ಲಿ ಬಂದ .22 ಮ್ಯಾಗ್ನಮ್ ಆಗಲಿ, 2002ರ .17 ಎಚ್‌ಎಂಆರ್ ಆಗಲಿ ನೂರು ಗಜ ದೂರದ ಹೊಡೆತಕ್ಕೆ ಚೆನ್ನ. ಹತ್ತಿರದಿಂದ ಹೊಡೆದರೆ ತಲೆಯ ಆಚೆ ಬದಿಯನ್ನು ಒಡೆದುಕೊಂಡು ಹೋಗುತ್ತವೆ. ತೂತು ಒಂದಿದ್ದದ್ದು ಎರಡಾಗುತ್ತದೆ, ರಕ್ತ ಜಾಸ್ತಿ, ಹೊಲಿಗೆ ಜಾಸ್ತಿ. ರಕೂನ್ ತೊಗಲಿಗೆ ಈಗ ಹಿಂದಿನ ಬೆಲೆ ಇಲ್ಲ, ಹಾಗಂತ ಹಾಳು ಮಾಡಬೇಕೆಂದೇನೂ ಇಲ್ಲವಲ್ಲ.

ನನ್ನ ಪ್ರಕಾರ ಮೊದಲು ತೋಟೆ ಆರಿಸಬೇಕು, ಆಮೇಲೆ ಅದಕ್ಕೆ ಹೊಂದುವ ಕೋವಿ. ಹೆಚ್ಚಿನವರು ಉಲ್ಟಾ ಮಾಡುತ್ತಾರೆ. .22 ಅಂದರೆ ಒಂದೇ ತೋಟೆ ಅಲ್ಲ. 1857ರಲ್ಲಿ ಸ್ಮಿತ್ ಆಂಡ್ ವೆಸ್ಸನ್ ತಂದ .22 ಶಾರ್ಟ್ ಇದೆ, ಅದರ ಗುಂಡು 29 ಗ್ರೇನ್, ಅಂದರೆ ಎರಡು ಗ್ರಾಂಗಿಂತಲೂ ಕಡಿಮೆ. 1887ರಲ್ಲಿ ಬಂದ .22 ಲಾಂಗ್ ರೈಫಲ್ ಇದೆ, ಅಂಗಡಿಯಲ್ಲಿ ರಾಶಿ ರಾಶಿ ಸಿಗುವುದು ಇದೇ. ಅದರ ಸಾಮಾನ್ಯ ಗುಂಡು 40 ಗ್ರೇನ್. ಇದೇ ಲಾಂಗ್ ರೈಫಲ್‌ನಲ್ಲಿ ಮತ್ತೆ ಬೇರೆ ಬೇರೆ ವೇಗ. ಸಿಸಿಐ ಕಂಪನಿಯ ಕ್ವಯಟ್-22 ಸೆಕೆಂಡಿಗೆ 710 ಅಡಿ, ಅವರದ್ದೇ ಸ್ಟ್ಯಾಂಡರ್ಡ್ 1,070 ಅಡಿ, ಮಿನಿ-ಮ್ಯಾಗ್ 1,235 ಅಡಿ. ರಕೂನ್‌ಗೆ, ನರಿಗೆ ಕ್ವಯಟ್ ಸಾಕು. ಉದ್ದ ನಳಿಕೆಯ ರೈಫಲ್‌ನಲ್ಲಿ ಅದು ಹಲಗೆಗೆ ಮೊಳೆ ಹೊಡೆದಷ್ಟು ಸದ್ದು ಮಾಡುತ್ತದೆ, ಹೊಲದ ಮನೆಯ ದನಗಳೂ ಬೆದರುವುದಿಲ್ಲ. ತೋಳದ ಜಾತಿಯ ಕಯೋಟಿಗೆ, ಬದುಕಿರುವ ಬೀವರ್‌ಗೆ ನಾನು ಸ್ಟ್ಯಾಂಡರ್ಡ್ ಬಳಸುತ್ತೇನೆ. ಮಿನಿ-ಮ್ಯಾಗ್ ಅಗತ್ಯ ಬಿದ್ದದ್ದೇ ಇಲ್ಲ.

ಇಲ್ಲೇ ಒಂದು ತೊಡಕಿದೆ. ಈ ಮೆದು ತೋಟೆಗಳಿಗೆ, ಮುಂದಿನ ತೋಟೆಯನ್ನು ತಾನೇ ತುಂಬಿಕೊಳ್ಳುವ ಸೆಮಿ-ಆಟೊಮ್ಯಾಟಿಕ್ ಕೋವಿಯ ಬೋಲ್ಟನ್ನು ಹಿಂದಕ್ಕೆ ತಳ್ಳುವಷ್ಟು ಶಕ್ತಿ ಇರುವುದಿಲ್ಲ. ರುಗರ್ 10/22, ಮಾರ್ಲಿನ್ 60 ಇಲ್ಲಿ ಮನೆಮನೆಯಲ್ಲೂ ಇವೆ. ಪಕ್ಕದವರು ಅದನ್ನೇ ತೋರಿಸಬಹುದು. ಒಳ್ಳೆಯ ಕೋವಿಗಳೇ. ಆದರೆ ಕ್ವಯಟ್ ಹಾಕಿದರೆ ಪ್ರತಿ ಈಡಿಗೂ ಕೈಯಲ್ಲಿ ಬೋಲ್ಟ್ ಎಳೆಯಬೇಕಾಗುತ್ತದೆ, ಶಾರ್ಟ್ ಹಾಕಿದರೆ ಸಿಕ್ಕಿಕೊಳ್ಳುತ್ತದೆ. ಬೋಲ್ಟ್, ಲಿವರ್, ರಿವಾಲ್ವರ್, ಒಂಟಿ ತೋಟೆ ಕೋವಿ ಇವಕ್ಕೆ ಆ ಚಿಂತೆ ಇಲ್ಲ. ಹೆನ್ರಿ ಲಿವರ್ ರೈಫಲ್ ಶಾರ್ಟ್, ಲಾಂಗ್, ಲಾಂಗ್ ರೈಫಲ್ ಮೂರನ್ನೂ ನುಂಗುತ್ತದೆ. ಮಕ್ಕಳಿಗೆಂದು ಮಾಡಿದ, 'ಕ್ರಿಕೆಟ್' ಎಂಬ ಹೆಸರಿನದು, ಸ್ಯಾವೇಜ್ ರಾಸ್ಕಲ್‌ನಂಥ ಪುಟ್ಟ ಒಂಟಿ ತೋಟೆ ರೈಫಲ್‌ಗಳನ್ನು ಬೆನ್ನಿಗೆ ಹಾಕಿಕೊಂಡರೆ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ದೊಡ್ಡವರು ಮಕ್ಕಳ ಕೋವಿ ಹಿಡಿದರೆ ನೋಡಿದವರು ನಗಬಹುದು, ನಗಲಿ ಬಿಡಿ.

ಇನ್ನು ಕೈಕೋವಿ ಪಕ್ಷದವರ ವಾದ. ಟ್ರ್ಯಾಪ್‌ಲೈನಿನಲ್ಲಿ ಎರಡೂ ಕೈಗೆ ಕೆಲಸ ಇರುತ್ತದೆ. ಬೆನ್ನಲ್ಲಿ ಬುಟ್ಟಿ, ಕೈಯಲ್ಲಿ ಸುತ್ತಿಗೆ, ಕಾಲಿಗೆ ಸೊಂಟದವರೆಗಿನ ರಬ್ಬರ್ ಬೂಟು. ರೈಫಲ್ ಪದೇ ಪದೇ ಜಾರುತ್ತದೆ, ಕೆಸರಿಗೆ ಬೀಳುತ್ತದೆ. ರುಗರ್ ಸಿಂಗಲ್-ಸಿಕ್ಸ್ ಅಥವಾ ಅಗ್ಗದ ರುಗರ್ ರ‍್ಯಾಂಗ್ಲರ್‌ನಂಥ .22 ರಿವಾಲ್ವರ್ ಸೊಂಟದಲ್ಲಿದ್ದರೆ ಆರಾಮ. ಎಲ್ಲ ನಿಜವೇ. ಅನುಭವ ಇದ್ದವರಿಗೆ ಅದೇ ಸರಿ. ಹೊಸಬರಿಗೆ ನಾನು ಬೇಡ ಅನ್ನುವುದು ಬೇರೆ ಕಾರಣಕ್ಕೆ. ಗಿಡ್ಡ ನಳಿಕೆಯ ಬಾಯಿ ಮಣಿಕಟ್ಟು ಸ್ವಲ್ಪ ತಿರುಗಿದರೂ ನಿಮ್ಮ ಕಾಲ ಕಡೆ, ಜೊತೆಯವರ ಕಡೆ ತಿರುಗುತ್ತದೆ. ದಪ್ಪ ಕೈಗವಸು, ಜಾರುವ ಮಂಜುಗಡ್ಡೆ, ಎಳೆದಾಡುವ ಪ್ರಾಣಿ ಎದುರಿಗಿರುವಾಗ ಇದು ಚಿಕ್ಕ ವಿಷಯವಲ್ಲ. ಸದ್ದೂ ರೈಫಲ್‌ಗಿಂತ ಜೋರು. ಲೈಸೆನ್ಸ್ ಇರುವ ಡೀಲರ್ ಹತ್ತಿರ ಕೈಕೋವಿ ಕೊಳ್ಳಲು 21 ತುಂಬಿರಬೇಕು, ಬಟ್ಟೆಯ ಒಳಗೆ ಮುಚ್ಚಿ ಒಯ್ಯುವುದಾದರೆ ಬೇರೆ ಪರವಾನಗಿ. ವೀಸಾದವರಿಗೆ ಇಷ್ಟೆಲ್ಲ ಯಾಕೆ? ರೈಫಲ್‌ಗೂ ಒಂದು ನಿಯಮ ನೆನಪಿರಲಿ: ವಾಹನದಲ್ಲಿ ಅದು ಖಾಲಿಯಾಗಿಯೇ ಇರಬೇಕು.

ಸ್ಕೋಪ್ ಯಾಕೆ ಬೇಡ ಅಂದರೆ, ಅದು ನಳಿಕೆಗಿಂತ ಸುಮಾರು ಒಂದೂವರೆ ಇಂಚು ಮೇಲೆ ಕೂತಿರುತ್ತದೆ. ಐವತ್ತು ಗಜಕ್ಕೆ ಹೊಂದಿಸಿದ ಸ್ಕೋಪಿನಲ್ಲಿ ಮೂರು ಅಡಿ ದೂರದ ನರಿಯ ಹಣೆ ನೋಡಿ ಹೊಡೆದರೆ ಗುಂಡು ಹೆಚ್ಚುಕಡಿಮೆ ಅಷ್ಟೇ ಕೆಳಗೆ, ಮೂತಿಗೆ ಬೀಳುತ್ತದೆ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಬರೀ ಕಬ್ಬಿಣದ ಗುರಿಮಣಿ ಇರುವ ರೈಫಲ್‌ನಲ್ಲೂ ಇದೇ ವ್ಯತ್ಯಾಸ ಕಡಿಮೆ ಪ್ರಮಾಣದಲ್ಲಿ ಇದೆ. ಆದ್ದರಿಂದ ಸೀಸನ್ ಶುರುವಾಗುವ ಮೊದಲೇ ಮೂರು ಅಡಿ ದೂರದ ಕಾಗದಕ್ಕೆ ಹೊಡೆದು ನೋಡಿ, ಗುಂಡು ಎಲ್ಲಿ ಬೀಳುತ್ತದೆ ಅಂತ. ಎಡಗಣ್ಣಿನಿಂದ ಬಲಗಿವಿಗೆ, ಬಲಗಣ್ಣಿನಿಂದ ಎಡಗಿವಿಗೆ ಮನಸ್ಸಿನಲ್ಲೇ ಗೆರೆ ಎಳೆಯಿರಿ. ಅವು ಸೇರುವ ಜಾಗ ನಿಮ್ಮ ಗುರಿ. ಪ್ರಾಣಿಯ ಹತ್ತಿರ ನಿಧಾನವಾಗಿ ಹೋಗಿ, ಅಲ್ಲಾಡದೆ ನಿಲ್ಲಿ. ಸ್ವಲ್ಪ ಹೊತ್ತಿಗೆ ಅದೂ ನಿಲ್ಲುತ್ತದೆ. ಅವಸರ ಮಾಡಬೇಡಿ. ನಳಿಕೆಯನ್ನು ತಲೆಗೆ ಒತ್ತಿ ಹಿಡಿಯುವುದೂ ಬೇಡ.

ಗುಂಡು ಪುಟಿಯುವುದರ ಬಗ್ಗೆ ಎಚ್ಚರ. ಡಿಸೆಂಬರಿನಲ್ಲಿ ಇಲ್ಲಿ ನೆಲ ಕಲ್ಲಾಗಿರುತ್ತದೆ. ಹಿಂದೆ ಮಂಜುಗಡ್ಡೆ, ಬಂಡೆ, ಟ್ರ್ಯಾಪಿನ ಉಕ್ಕು ಇದ್ದರೆ ಹೊಡೆಯಬೇಡಿ, ಸುತ್ತಿ ಬೇರೆ ಕೋನದಿಂದ ಬನ್ನಿ. .22 ತೋಟೆಯ ಡಬ್ಬಿಯ ಮೇಲೇ ಗುಂಡು ಒಂದೂವರೆ ಮೈಲಿ ಹೋಗಬಹುದು ಅಂತ ಎಚ್ಚರಿಕೆ ಬರೆದಿರುತ್ತಾರೆ. ಚಿಕ್ಕ ಕೋವಿ ಅಂತ ಸದರ ಬೇಡ. ಕಣ್ಣಿಗೆ ಕನ್ನಡಕ ಕಡ್ಡಾಯ. ನವೆಂಬರ್ ಕೊನೆಯಲ್ಲಿ ಒಂಬತ್ತು ದಿನದ ಜಿಂಕೆ ಬೇಟೆಯ ಸೀಸನ್ ಬರುತ್ತದೆ. ಆಗ ಹೊಳೆಯುವ ಕಿತ್ತಳೆ ಬಣ್ಣದ ಬಟ್ಟೆ ಇಲ್ಲದೆ ಹೊಲಕ್ಕೆ ಕಾಲಿಡಬೇಡಿ.

ಚಳಿಯೂ ಕೋವಿಗೆ ತೊಂದರೆ ಕೊಡುತ್ತದೆ. ಮಡಿಕೇರಿಯ ಮಳೆಗೆ ಎಣ್ಣೆ ಬಳಿದು ಅಭ್ಯಾಸ ಇರುವ ನೀವು ಇಲ್ಲಿ ಉಲ್ಟಾ ಮಾಡಬೇಕು. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಎಣ್ಣೆ ಗಟ್ಟಿಯಾಗಿ ಕುದುರೆ (ತೋಟೆಗೆ ಬಡಿಯುವ ಭಾಗ) ನಿಧಾನವಾಗಿ ಬೀಳುತ್ತದೆ, ತೋಟೆ ಹಾರುವುದೇ ಇಲ್ಲ. ಬೋಲ್ಟಿನ ಹಳೇ ಎಣ್ಣೆಯನ್ನು ಪೂರ್ತಿ ಒರೆಸಿ, ಒಣಗಿಸಿ ಇಡಿ. ಬೆಳಗಿನಿಂದ ಸಂಜೆವರೆಗೆ ಬೆಚ್ಚಗಿನ ಮನೆಗೂ ಹೊರಗೂ ಓಡಾಡಿಸಬೇಡಿ. ಒಳಗೆ ಬಂದಾಗ ಬೆವರುತ್ತದೆ, ಹೊರಗೆ ಹೋದಾಗ ಆ ನೀರು ಹೆಪ್ಪುಗಟ್ಟುತ್ತದೆ. ಕೋವಿ ಕೆಳಗೆ ಬಿದ್ದಾಗೆಲ್ಲ ತೋಟೆ ತೆಗೆದು, ಬೋಲ್ಟ್ ಕಳಚಿ, ನಳಿಕೆಯಲ್ಲಿ ಹಿಮ ಕೆಸರು ಸೇರಿದೆಯಾ ಅಂತ ಬೆಳಕಿಗೆ ಹಿಡಿದು ನೋಡಿ. ಮುಚ್ಚಿದ ನಳಿಕೆಯಲ್ಲಿ ಹೊಡೆದರೆ ನಳಿಕೆ ಉಬ್ಬುತ್ತದೆ.

ಎಲ್ಲ ಪ್ರಾಣಿಗೂ ಕೋವಿ ಬೇಕಾಗಿಯೂ ಇಲ್ಲ. ಮಸ್ಕ್‌ರ್ಯಾಟ್, ಮಿಂಕ್‌ಗೆ ಹೆಚ್ಚಾಗಿ ಇಡುವುದು ಕಾನಿಬೇರ್ 110. ಫ್ರ್ಯಾಂಕ್ ಕಾನಿಬೇರ್ ಎಂಬ ಕೆನಡಾದ ಟ್ರ್ಯಾಪರ್ ಮಾಡಿದ ಈ ಚೌಕದ ಟ್ರ್ಯಾಪ್ ಪ್ರಾಣಿಯನ್ನು ಹಿಡಿಯುವುದಲ್ಲ, ಅಲ್ಲೇ ಕೊಲ್ಲುತ್ತದೆ. ಅಂದರೆ ನಿಮ್ಮ ಕೋವಿ ಕೆಲಸಕ್ಕೆ ಬರುವುದು ಕಾಲು ಹಿಡಿಯುವ ಟ್ರ್ಯಾಪ್, ಬೋನು ಇವುಗಳಲ್ಲಿ ಮಾತ್ರ. ಒಣ ನೆಲದಲ್ಲಿಟ್ಟ ಟ್ರ್ಯಾಪನ್ನು ಇಲ್ಲಿ ದಿನವೂ ನೋಡಲೇಬೇಕು. ಐಟಿ ಕೆಲಸದ ನಡುವೆ ಅದು ಆಗುತ್ತದಾ ಅಂತ ಯೋಚಿಸಿ.

ಕೋವಿಯ ಜೊತೆ ಒಂದು ಕ್ಯಾಚ್ ಪೋಲ್ ಇರಲಿ, ತುದಿಯಲ್ಲಿ ಕುಣಿಕೆ ಇರುವ ಕೋಲು ಅದು. ಯಾರದ್ದೋ ನಾಯಿ ಸಿಕ್ಕಿಕೊಂಡರೆ ಬಿಡಿಸಲು ಅದೇ ಬೇಕು. ರಕೂನ್ ಅಥವಾ ಸ್ಕಂಕ್ ಹಗಲು ಹೊತ್ತು ತೂರಾಡುತ್ತ ವಿಚಿತ್ರವಾಗಿ ಆಡುತ್ತಿದ್ದರೆ, ಯಾರನ್ನಾದರೂ ಕಚ್ಚಿದ್ದರೆ ತಲೆಗೆ ಹೊಡೆಯಬೇಡಿ. ಹುಚ್ಚುರೋಗದ ಪರೀಕ್ಷೆಗೆ ಮಿದುಳು ಹಾಳಾಗದೆ ಸಿಗಬೇಕು. ದೂರ ನಿಂತು ವನ್ಯಜೀವಿ ವಾರ್ಡನ್‌ಗೆ ಫೋನ್ ಮಾಡಿ. ತೊಗಲು ಸುಲಿದ ಮೇಲೆ ಸೀಸದ ಗುಂಡಿರುವ ತಲೆಯನ್ನು ಹೊಲಕ್ಕೆ ಎಸೆಯುವುದೂ ಬೇಡ, ಅದನ್ನು ತಿಂದ ಹದ್ದುಗಳು ಸೀಸದ ವಿಷಕ್ಕೆ ಸಾಯುತ್ತವೆ.

ಇದನ್ನು ಓದುವ ಊರಿನವರಿಗೂ ಒಂದು ಮಾತು. ಕೊಡವರಿಗೆ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿ, 2029ರವರೆಗೆ ಮುಂದುವರಿದಿರುವುದು, ಕೋವಿ ಇಟ್ಟುಕೊಳ್ಳಲು, ಒಯ್ಯಲು; ಬೇಟೆಗಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ಉರುಳು, ಬೋನು ಹಾಕುವುದೂ ಬೇಟೆಯೇ. ಇಲ್ಲಿ ಬರೆದದ್ದನ್ನು ತೋಟದ ಬೇಲಿಯಲ್ಲಿ ಪ್ರಯೋಗ ಮಾಡಬೇಡಿ. ಅಮೆರಿಕದಲ್ಲೂ ಎಲ್ಲ ಕಡೆ ಒಂದೇ ಅಲ್ಲ. ಕ್ಯಾಲಿಫೋರ್ನಿಯಾ 2019ರಲ್ಲಿ ತುಪ್ಪಳಕ್ಕಾಗಿ ಟ್ರ್ಯಾಪ್ ಇಡುವುದನ್ನೇ ನಿಷೇಧಿಸುವ ಕಾನೂನು ತಂದಿತು.

ಹೊಸದೇ ಕೊಳ್ಳಬೇಕಂತಿಲ್ಲ. ಇಲ್ಲಿನ ಸಣ್ಣ ಊರುಗಳ ಅಂಗಡಿಗಳಲ್ಲಿ ಹಳೇ ಬೋಲ್ಟ್ .22ಗಳು ಮೂಲೆಯಲ್ಲಿ ನಿಂತಿರುತ್ತವೆ. ನಳಿಕೆಯ ಮೇಲೆ ಕೊರೆದ ಅಕ್ಷರ ಓದಿ. ಎಸ್, ಎಲ್, ಎಲ್‌ಆರ್ ಮೂರೂ ಇದ್ದರೆ ಮೂರು ಬಗೆಯ ತೋಟೆಯನ್ನೂ ಹಾಕಬಹುದು. ಬೋಲ್ಟ್ ತೆಗೆಸಿ ನಳಿಕೆಯ ಒಳಗೆ ನೋಡಿ, ಸೇಫ್ಟಿ ಹಾಕಿ ಟ್ರಿಗರ್ ಒತ್ತಿ ನೋಡಿ. ಆಮೇಲೆ ಕೈಗವಸು ಹಾಕಿಕೊಂಡೇ ಬೆರಳು ಟ್ರಿಗರ್‌ವರೆಗೆ ಹೋಗುತ್ತದಾ ಅಂತಲೂ ನೋಡಿ. ಕೌಂಟರಿನವರು ಬೇಜಾರು ಮಾಡಿಕೊಳ್ಳುವುದಿಲ್ಲ, ಕೇಳಿದರೆ ತಾವೇ ಒಂದು ಜೊತೆ ಗವಸು ಕೊಡುತ್ತಾರೆ.