ಒಂದೇ ಟೂರ್ನಿಯಲ್ಲಿ 60 ರೇಟಿಂಗ್ ಹೋದರೆ ಆಟ ಕೆಟ್ಟಿದೆ ಅಂತಾನಾ?

ಮಗಳ ಫಿಡೆ (ಅಂತರರಾಷ್ಟ್ರೀಯ ಚೆಸ್ ಒಕ್ಕೂಟ) ರೇಟಿಂಗ್ ಒಂದೇ ಟೂರ್ನಿಗೆ 1500ರಿಂದ 1440ಕ್ಕೆ ಇಳಿದಿದೆ, ಆನ್‌ಲೈನ್ ಚೆಸ್ ತಾಣ ಲಿಚೆಸ್‌ನಲ್ಲಿ ನೋಡಿದರೆ 1800 ಇದೆ, ಯಾವುದನ್ನು ನಂಬೋದು ಅಂತ ಕೇಳಿದ್ದೀರಿ. ನಾನು ಮಕ್ಕಳಿಗೆ ಚೆಸ್ ಹೇಳಿಕೊಡುತ್ತೇನೆ. ಟೂರ್ನಿ ಮುಗಿದಾಗಲೆಲ್ಲ ಯಾರಾದರೊಬ್ಬರು ಇದನ್ನೇ ಕೇಳುತ್ತಾರೆ. ಗಾಬರಿ ಆಗಬೇಡಿ.

ರೇಟಿಂಗ್ ಅಂದರೆ ಪರೀಕ್ಷೆಯ ಅಂಕ ಅಲ್ಲ. ಯಾರ ಎದುರು ಎಷ್ಟರ ಮಟ್ಟಿಗೆ ಗೆಲ್ಲಬಹುದು ಅನ್ನೋ ಅಂದಾಜು, ಅಷ್ಟೇ. ಅರ್ಪಾದ್ ಎಲೋ ಎಂಬ ಭೌತಶಾಸ್ತ್ರದ ಪ್ರಾಧ್ಯಾಪಕರು ರೂಪಿಸಿದ ಈ ಲೆಕ್ಕವನ್ನು ಫಿಡೆ 1970ರಲ್ಲಿ ಒಪ್ಪಿಕೊಂಡಿತು. ಗೆದ್ದರೆ 1, ಡ್ರಾ ಆದರೆ ಅರ್ಧ. ಎದುರಾಳಿಗಿಂತ 200 ಪಾಯಿಂಟ್ ಜಾಸ್ತಿ ಇರುವವರು ಸರಾಸರಿ ಆಟಕ್ಕೆ 0.76 ಗಳಿಸಬೇಕು ಅನ್ನುತ್ತದೆ ಈ ಲೆಕ್ಕ. ಅದಕ್ಕಿಂತ ಹೆಚ್ಚು ಬಂದರೆ ರೇಟಿಂಗ್ ಏರುತ್ತದೆ, ಕಡಿಮೆ ಬಂದರೆ ಇಳಿಯುತ್ತದೆ.

ಗಳಿಸಬೇಕಿದ್ದಕ್ಕೂ ಗಳಿಸಿದ್ದಕ್ಕೂ ಇರುವ ವ್ಯತ್ಯಾಸವನ್ನು ಕೆ ಅನ್ನೋ ಸಂಖ್ಯೆಯಿಂದ ಗುಣಿಸುತ್ತಾರೆ. ಕ್ಲಾಸಿಕಲ್, ಅಂದರೆ ದೀರ್ಘ ಸಮಯದ ಆಟದಲ್ಲಿ, 18ರ ಒಳಗಿನ ಮಕ್ಕಳಿಗೆ 2300 ಮುಟ್ಟುವ ತನಕ ಕೆ 40. ಈಗ ನಿಮ್ಮ ಮಗಳ ಲೆಕ್ಕಕ್ಕೆ ಬನ್ನಿ. 1500 ಇರುವಾಗ 1300ರವರಿಗೆ ಸೋತರೆ 0.76 ಇಂಟು 40, ಅಂದರೆ 30.4 ಹೋಗುತ್ತದೆ. ಅಂಥ ಎರಡು ಸೋಲು ಸಾಕು, 60 ಮಾಯ! ಅದೇ 1700ರವರ ಎದುರು ಗಳಿಸಬೇಕಾದದ್ದೇ 0.24, ಹಾಗಾಗಿ ಸೋತರೆ ಹೋಗೋದು ಬರೀ 9.6. ಡ್ರಾ ಮಾಡಿಕೊಂಡರೂ 10.4 ಸಿಗುತ್ತದೆ. ಒಂದು ಕೆಟ್ಟ ದಿನ, ಇಲ್ಲವೇ ಆಟ ಸುಧಾರಿಸಿದರೂ ರೇಟಿಂಗ್ ಇನ್ನೂ ಏರದ ಇಬ್ಬರು ಪುಟ್ಟ ಎದುರಾಳಿಗಳು ಸಿಕ್ಕರೂ ಇಷ್ಟು ಇಳಿಯಬಹುದು ಅಲ್ವಾ?

ಲಿಚೆಸ್‌ನ 1800 ಸುಳ್ಳಲ್ಲ. ಆದರೆ ಅದರ ಅಳತೆಯೇ ಬೇರೆ. ಅಲ್ಲಿ ಹೊಸಬರು 1500ರಿಂದಲೇ ಶುರು ಮಾಡುತ್ತಾರೆ, ಆಡುವವರ ಗುಂಪೂ ಬೇರೆ. ಫಿಡೆಯಲ್ಲೇ ಕ್ಲಾಸಿಕಲ್, ವೇಗದ ರ‍್ಯಾಪಿಡ್, ಇನ್ನೂ ವೇಗದ ಬ್ಲಿಟ್ಜ್‌ಗೆ ಮೂರು ಪ್ರತ್ಯೇಕ ರೇಟಿಂಗ್ ಇವೆ. ಒಂದನ್ನು ಇನ್ನೊಂದರ ಪಕ್ಕ ಇಟ್ಟು ನೋಡಬೇಡಿ.

ಇರುವ ರೇಟಿಂಗ್ ಉಳಿಸಿಕೊಳ್ಳೋಕೆ ಅಂತ ಟೂರ್ನಿ ತಪ್ಪಿಸುವ ಪೋಷಕರನ್ನು ಕಂಡರೆ ನನಗೆ ನಿಜಕ್ಕೂ ಬೇಸರ ಆಗುತ್ತದೆ. ಮಗು ಕಲಿಯೋದೇ ಅಲ್ಲಿ. ಸೋತ ಆಟಗಳ ನಡೆಗಳನ್ನು ಬರೆದಿಟ್ಟ ಸ್ಕೋರ್‌ಶೀಟ್ ತೆಗೆದು, ಯಾವ ನಡೆಯಲ್ಲಿ ಕಾಯಿ ಸುಮ್ನೆ ಬಿಟ್ಟುಕೊಟ್ಟಳು, ಆಗ ಗಡಿಯಾರದಲ್ಲಿ ಎಷ್ಟು ಸಮಯ ಉಳಿದಿತ್ತು ಅಂತ ಅವಳನ್ನೇ ಕೇಳಿ. ರೇಟಿಂಗನ್ನು ಆರು ತಿಂಗಳಿಗೊಮ್ಮೆ ನೋಡಿದರೆ ಸಾಕು.