ಬಿತ್ತಿದ ಬೀನ್ಸ್ ಬೀಜ ಮೊಳಕೆ ಮೇಲೆ ಬರುವ ಮೊದಲೇ ಕೊಳೆಯುತ್ತಿದೆ. ಬೀಜಕ್ಕೆ ಕ್ಯಾಪ್ಟಾನ್, ರೈಜೋಬಿಯಂ ಎರಡನ್ನೂ ಒಟ್ಟಿಗೆ ಹಚ್ಚಬಹುದೇ?

ದಯವಿಟ್ಟು ಹಾಗೆ ಹಚ್ಚಬೇಡಿ. ಕ್ಯಾಪ್ಟಾನ್ ಶಿಲೀಂಧ್ರನಾಶಕವಾದರೂ, ಬೇರಿನ ಗಂಟುಗಳಲ್ಲಿದ್ದು ಗಿಡಕ್ಕೆ ಸಾರಜನಕ ಒದಗಿಸುವ ರೈಜೋಬಿಯಂ ಬ್ಯಾಕ್ಟೀರಿಯಾವನ್ನೂ ಸಾಯಿಸುತ್ತದೆ. ಎರಡೂ ಬೇಕೆಂದರೆ ಬೀಜಕ್ಕೆ ಕ್ಯಾಪ್ಟಾನ್ ಹಚ್ಚಿ, ರೈಜೋಬಿಯಂ ಅನ್ನು ಕಳಿತ ಗೊಬ್ಬರದಲ್ಲಿ ಬೆರೆಸಿ ಸಾಲಿಗೆ ಹಾಕಿ. ರೋಗದ ಶಿಲೀಂಧ್ರಗಳನ್ನು ತಡೆಯುವ ಉಪಕಾರಿ ಶಿಲೀಂಧ್ರವಾದ ಟ್ರೈಕೋಡರ್ಮಾ ಬಳಸುವುದಾದರೆ ಈ ತೊಡಕಿಲ್ಲ: ಕಿಲೋ ಬೀಜಕ್ಕೆ 4ರಿಂದ 5 ಗ್ರಾಂ ಪುಡಿ ಹಚ್ಚಿ, ಕೊನೆಗೆ ರೈಜೋಬಿಯಂ ಲೇಪಿಸಿ, ನೆರಳಿನಲ್ಲಿ ಆರಿಸಿ ಅಂದೇ ಬಿತ್ತಿ.

ಆದರೆ ಮೊಳಕೆ ಮೇಲೆ ಬರುವ ಮೊದಲೇ ಬೀಜ ಕೊಳೆಯುತ್ತಿದೆ ಎಂದಿದ್ದೀರಿ. ಔಷಧಿ ತರುವ ಮುನ್ನ ನಾಲ್ಕೈದು ಬೀಜಗಳನ್ನು ಅಗೆದು ಬೆರಳಲ್ಲಿ ಒತ್ತಿ ನೋಡಿ. ಮೆತ್ತಗೆ ಪಿಚಕ್ಕೆಂದು ಒಡೆದು ನಾರಿದರೆ ಪಿಥಿಯಂ ಎಂಬ ಮಣ್ಣಿನ ರೋಗಾಣು ತರುವ ಕೊಳೆಯ ಶಂಕೆ ಬಲವಾಗುತ್ತದೆ. ಒಳಗೆ ಕಾಲಿಲ್ಲದ ಬಿಳಿ ಹುಳು ಕಂಡರೆ ಅದು ಬೀಜ ತಿನ್ನುವ ನೊಣದ ಮರಿ. ಅದಕ್ಕೆ ಶಿಲೀಂಧ್ರನಾಶಕ ಏನೂ ಮಾಡದು. ಹಸಿ ಸಗಣಿ, ಅರೆಬರೆ ಕಳಿತ ಎಲೆ ಇರುವ ಮಣ್ಣಿಗೆ ಈ ನೊಣ ಹುಡುಕಿಕೊಂಡು ಬಂದು ಮೊಟ್ಟೆಯಿಡುತ್ತದೆ. ಎದ್ದ ಸಸಿಯ ಬುಡದಲ್ಲಿ ಕೆಂಪು ಕಂದು ಬಣ್ಣದ ತಗ್ಗಾದ ಕಲೆ ಇದ್ದರೆ ರೈಜೋಕ್ಟೋನಿಯಾ ಎಂಬ ಶಿಲೀಂಧ್ರದ ರೋಗ.

ನನ್ನ ಅನುಭವದಲ್ಲಿ ಹೆಚ್ಚಿನ ನಷ್ಟ ತಣ್ಣನೆಯ, ನೀರು ನಿಂತ ಮಣ್ಣಿನಿಂದಲೇ. ಮಣ್ಣಿನ ಉಷ್ಣತೆ 15 ಡಿಗ್ರಿಗಿಂತ ಕಡಿಮೆ ಇದ್ದರೆ ಮೊಳಕೆ ನಿಧಾನವಾಗಿ, ಬೀಜ ಅಷ್ಟು ದಿನ ರೋಗಕ್ಕೆ ಒಡ್ಡಿಕೊಂಡಿರುತ್ತದೆ. ಬೀಜವನ್ನು ರಾತ್ರಿಯಿಡೀ ನೆನೆಸಲೂಬೇಡಿ, ಸಿಪ್ಪೆ ಬಿರಿಯುತ್ತದೆ.

ಕ್ಯಾಪ್ಟಾನ್ ಹಚ್ಚುವಾಗ ಕೈಗವಸು, ಮುಖಗವಸು ಇರಲಿ. ಉಳಿದ ಬೀಜವನ್ನು ಅಡುಗೆಗೂ ದನಕ್ಕೂ ಕೊಡಬೇಡಿ.